ಹಲಸಿನ ಕಸಿಯೂ ಪುಸ್ತಕದ ಬೆಲೆಯೂ

ಬೆಂಗಳೂರಿನಿಂದ ತುಮಕೂರಿಗೆ ಸಾಗುವ ಹೆದ್ದಾರಿಯಲ್ಲಿ ದಾಬಸ್‌ಪೇಟೆಯನ್ನು ಹಿಂದೆ ಬಿಟ್ಟು, ಕ್ಯಾತಸಂದ್ರ ಇನ್ನೂ ಮುಂದಿರುವಾಗಲೇ ಹಿರೇಹಳ್ಳಿ ಎದುರಾಗುತ್ತದೆ. ಕಾರ್ಖಾನೆಗಳ ಬಡಾವಣೆ, ರೈಲಿನ ಚಿಕ್ಕ ನಿಲ್ದಾಣ, ದೂರದಲ್ಲಿ ದೇವರಾಯನದುರ್ಗದ ಬೆಟ್ಟಗಳು. ಇವುಗಳ ನಡುವೆ ಹಸಿರನ್ನು ಕಾಪಾಡಿಕೊಂಡು ನಿಂತಿರುವುದು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ಪ್ರಯೋಗ ಕೇಂದ್ರ. ಈ ಕೇಂದ್ರದ ಹೆಸರನ್ನು ನಾಡಿನಾಚೆಗೂ ಕೊಂಡೊಯ್ದದ್ದು ಒಂದು ಹಲಸಿನ ಮರ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಕುಟುಂಬವೊಂದರ ಜಮೀನಿನಲ್ಲಿ ಬೆಳೆದ ಆ ಮರದ ಹಣ್ಣಿನ ತೊಳೆಗೆ ತಾಮ್ರಗೆಂಪು ಬಣ್ಣ. ರುಚಿಯೂ ಅದಕ್ಕೆ ತಕ್ಕಂತೆ. ಹಿರೇಹಳ್ಳಿಯ ವಿಜ್ಞಾನಿಗಳು ಅದನ್ನು ಗುರುತಿಸಿ, ಆ ಮನೆಯ ಹಿರಿಯರ ನೆನಪಿಗಾಗಿ 'ಸಿದ್ದು' ಎಂದು ಹೆಸರಿಟ್ಟು, ಕಸಿ ಕಟ್ಟಿ ಗಿಡಗಳನ್ನು ಮಾರಲು ಆ ಕುಟುಂಬದೊಡನೆ ಒಂದು ಒಪ್ಪಂದ ಮಾಡಿಕೊಂಡರು. ಗಿಡ ಮಾರಿ ಬಂದ ಆದಾಯದಲ್ಲಿ ನೂರಕ್ಕೆ 75 ಪಾಲು ಮರವನ್ನು ಸಾಕಿ ಬೆಳೆಸಿದ ರೈತನಿಗೆ; ಉಳಿದ 25 ಸಂಸ್ಥೆಗೆ.

ಹಲಸಿಗೂ ಪುಸ್ತಕಕ್ಕೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ನಂಟು ಉಂಟು. ಮೂಲ ಒಂದು, ಪ್ರತಿಗಳು ಸಾವಿರ. ಮೂಲದವನಿಗೆ ಎಷ್ಟು, ಪ್ರತಿ ಮಾಡಿದವನಿಗೆ ಎಷ್ಟು, ಮಾರಿದವನಿಗೆ ಎಷ್ಟು ಎಂಬ ಪ್ರಶ್ನೆ ತಾಯಿಮರಕ್ಕೆ ಸಂಬಂಧಿಸಿದ್ದು ಹೇಗೋ ಹಾಗೆಯೇ ಪುಸ್ತಕಕ್ಕೂ ಸಂಬಂಧಿಸಿದ್ದು. ಅದರಲ್ಲಿಯೂ, ಕಾಗದವಿಲ್ಲದೆ, ಮಸಿಯಿಲ್ಲದೆ, ಮೊಬೈಲಿನ ತೆರೆಯ ಮೇಲೆ ಮೂಡುವ ಇ-ಪುಸ್ತಕ ಬಂದ ಮೇಲೆ ಈ ಪ್ರಶ್ನೆ ತೀಕ್ಷ್ಣವಾಗಿದೆ. ಕಸಿ ಗಿಡವೊಂದನ್ನು ಸಿದ್ಧಗೊಳಿಸಲು ಮಾಲಿಯ ಕೈಯೂ ಕಾಲವೂ ಬೇಕು. ಇ-ಪುಸ್ತಕದ ಎರಡನೆಯ ಪ್ರತಿಗೆ ಬೆರಳಿನ ಒಂದು ಸ್ಪರ್ಶ ಸಾಕು. ಹಾಗಾದರೆ ಅದರ ಬೆಲೆ ಎಷ್ಟಿರಬೇಕು? ಅದಕ್ಕಿಂತ ಮುಖ್ಯವಾಗಿ, ಆ ಬೆಲೆಯನ್ನು ನಿರ್ಧರಿಸುವವರು ಯಾರು?

ಬೆಲೆಯ ಒಳಲೆಕ್ಕ

'ಕಾಗದದ ಖರ್ಚಿಲ್ಲ, ಅಚ್ಚಿನ ಖರ್ಚಿಲ್ಲ. ಹೀಗಿರುವಾಗ ಇ-ಪುಸ್ತಕಕ್ಕೆ ನೂರು ರೂಪಾಯಿ ಏಕೆ?' ಇದು ಓದುಗರೆಲ್ಲರೂ ಕೇಳುವ ಮಾತು. ಮಾತು ನ್ಯಾಯವಾದುದೇ. ಆದರೆ ಅದರ ಉತ್ತರ ತಿಳಿಯಬೇಕಾದರೆ ಪ್ರಕಾಶಕನ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಉದಾಹರಣೆಗಾಗಿ ಒಬ್ಬ ಸಣ್ಣ ಪ್ರಕಾಶಕನನ್ನು ಕಲ್ಪಿಸಿಕೊಳ್ಳಬಹುದು. ಆತ 200 ರೂಪಾಯಿ ಮುಖಬೆಲೆಯ ಕಾದಂಬರಿಯೊಂದನ್ನು ಹೊರತರುತ್ತಾನೆ. ಅದನ್ನು ಕೊಳ್ಳುವ ಓದುಗರು ಒಂದು ಸಾವಿರ ಮಂದಿ. ಪುಸ್ತಕದಂಗಡಿಯವರಿಗೆ ಕಮಿಷನ್ 70 ರೂಪಾಯಿ. ಲೇಖಕನಿಗೆ ರೂಢಿಯಂತೆ ನೂರಕ್ಕೆ ಹತ್ತರ ಗೌರವಧನ, ಅಂದರೆ 20 ರೂಪಾಯಿ. ಕಾಗದ, ಅಚ್ಚು, ರಟ್ಟುಗಳಿಗೆ 70 ರೂಪಾಯಿ. ಉಳಿದದ್ದು ಪ್ರತಿಗೆ 40 ರೂಪಾಯಿಯಂತೆ ಸಾವಿರ ಪ್ರತಿಗೆ 40,000. ಇದರಲ್ಲಿ ಅಕ್ಷರ ಜೋಡಣೆ, ಕರಡು ತಿದ್ದುವಿಕೆ, ಮುಖಪುಟದ ಚಿತ್ರ, ಪ್ರಚಾರ, ಗೋದಾಮಿನ ಬಾಡಿಗೆಗಳೆಂದು 30,000 ಕಳೆದರೆ ಲಾಭ 10,000 ರೂಪಾಯಿ.

ಈಗ ಅದೇ ಕಾದಂಬರಿ ಇ-ಪುಸ್ತಕವಾಗಿಯೂ ಬಂದಿತೆನ್ನಬಹುದು. ಆ ಸಾವಿರ ಓದುಗರಲ್ಲಿ 400 ಮಂದಿ ಅಚ್ಚಿನ ಪ್ರತಿಯನ್ನು ಬಿಟ್ಟು ಇ-ಪುಸ್ತಕವನ್ನು ಕೊಂಡರು. ಇ-ಪುಸ್ತಕದ ಬೆಲೆಯಲ್ಲಿ ಮಾರುವ ಮಳಿಗೆಗೆ ನೂರಕ್ಕೆ 30, ಲೇಖಕನಿಗೆ ನೂರಕ್ಕೆ 20 ಎಂದಿಟ್ಟುಕೊಂಡರೆ ಪ್ರಕಾಶಕನಿಗೆ ಉಳಿಯುವುದು ಅರ್ಧ. ಬೆಲೆ 100 ರೂಪಾಯಿಯಾದರೆ ಪ್ರತಿಗೆ 50 ರೂಪಾಯಿ. ಒಟ್ಟು ಲಾಭ 10,000ದಿಂದ 14,000ಕ್ಕೆ ಏರುತ್ತದೆ. ಓದುಗನಿಗೂ ಅರ್ಧಬೆಲೆ, ಲೇಖಕನಿಗೂ ಮೊದಲಿನಂತೆಯೇ 20 ರೂಪಾಯಿ, ಯಾರಿಗೂ ನಷ್ಟವಿಲ್ಲ. ಬೆಲೆಯನ್ನು 50 ರೂಪಾಯಿಗೆ ಇಳಿಸಿದರೆ ಲಾಭ 4,000ಕ್ಕೆ ಕುಗ್ಗುತ್ತದೆ. 30 ರೂಪಾಯಿಗೆ ಇಳಿಸಿದರೆ? ಲಾಭ ಸೊನ್ನೆ. ಲೇಖಕನ ಕೈಗೆ ಬರುವುದು ಪ್ರತಿಗೆ 6 ರೂಪಾಯಿ.

ಬೆಲೆ ಇಳಿದರೆ ಹೊಸ ಓದುಗರು ಬರುವುದಿಲ್ಲವೇ ಎಂದು ಕೇಳಬಹುದು. ಬರಬಹುದು. ಆದರೆ 30 ರೂಪಾಯಿಯ ಬೆಲೆಯಲ್ಲಿ ಮೊದಲಿನ ಹತ್ತು ಸಾವಿರದ ಲಾಭವನ್ನು ಮರಳಿ ಕಾಣಬೇಕಾದರೆ ಸುಮಾರು 667 ಮಂದಿ ಹೊಚ್ಚಹೊಸ ಓದುಗರು ಬರಬೇಕು. ಸಾವಿರ ಪ್ರತಿ ಮಾರಾಟವಾದುದೇ ದೊಡ್ಡ ಸಂಗತಿಯೆನ್ನುವ ಕಡೆ ಮತ್ತೆ ಆರುನೂರ ಅರುವತ್ತೇಳು ಮಂದಿಯನ್ನು ಎಲ್ಲಿಂದ ಕರೆತರುವುದು? ಸಾವಿರಾರು ಶೀರ್ಷಿಕೆಗಳುಳ್ಳ ದೊಡ್ಡ ಸಂಸ್ಥೆ ಒಂದು ಪುಸ್ತಕದಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರಲ್ಲಿ ತುಂಬಿಕೊಳ್ಳುತ್ತದೆ. ವರ್ಷಕ್ಕೆ ಐದಾರು ಪುಸ್ತಕ ಹೊರಡಿಸುವ ಸಣ್ಣವನಿಗೆ ಆ ಅನುಕೂಲವಿಲ್ಲ. ದೊಡ್ಡವನ ಅಗ್ಗದ ಬೆಲೆಯೊಡನೆ ಪಂದ್ಯ ಕಟ್ಟಿದರೆ ಲಾಭ ಹೋಗುತ್ತದೆ. ಕಟ್ಟದಿದ್ದರೆ ಗಿರಾಕಿ ಹೋಗುತ್ತಾನೆ.

ಇನ್ನು ತೆರಿಗೆಯ ಮಾತು ಬೇರೆ. ಅಚ್ಚಿನ ಪುಸ್ತಕಕ್ಕೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. ಆದರೆ 2017ರಲ್ಲಿ ಈ ತೆರಿಗೆ ಜಾರಿಗೆ ಬಂದಾಗ ಇ-ಪುಸ್ತಕವನ್ನು 'ಸೇವೆ'ಯೆಂದೆಣಿಸಿ ನೂರಕ್ಕೆ 18ರಂತೆ ವಿಧಿಸಲಾಯಿತು. 2018ರ ಜುಲೈ ತಿಂಗಳಿನಲ್ಲಿ ಅದನ್ನು 5ಕ್ಕೆ ಇಳಿಸಿದರೂ, ಅಚ್ಚಿನ ಪ್ರತಿಯೂ ಇರುವ ಪುಸ್ತಕಗಳಿಗೆ ಮಾತ್ರ ಎಂಬ ನಿಬಂಧನೆ ಸೇರಿತು. ಅಚ್ಚು ಹಾಕಿಸುವಷ್ಟು ಬಂಡವಾಳವಿಲ್ಲದೆ ಇ-ಪುಸ್ತಕವನ್ನಷ್ಟೇ ಹೊರತರುವ ಬಡ ಪ್ರಕಾಶಕನಿಗೆ ಹೆಚ್ಚಿನ ತೆರಿಗೆ, ಎರಡನ್ನೂ ಹೊರತರಬಲ್ಲ ಅನುಕೂಲಸ್ಥನಿಗೆ ಕಡಿಮೆ ತೆರಿಗೆ, ಇದೊಂದು ವಿಚಿತ್ರ!

ಗಜಗಳ ಕಾಳಗ

ಬೆಲೆಯ ಈ ಜಗಳ ಮೊದಲು ಹೊತ್ತಿಕೊಂಡದ್ದು ಅಮೆರಿಕದಲ್ಲಿ. 2007ರ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆ 'ಕಿಂಡಲ್' ಎಂಬ ಓದುಯಂತ್ರವನ್ನು ಹೊರತಂದಿತು. ಅದರೊಡನೆ ಹೊಸ ಹೊಸ ಜನಪ್ರಿಯ ಪುಸ್ತಕಗಳನ್ನು 9.99 ಡಾಲರಿಗೆ ಮಾರತೊಡಗಿತು. ಅವುಗಳಲ್ಲಿ ಹಲವನ್ನು ಅದು ಪ್ರಕಾಶಕರಿಂದ ಕೊಳ್ಳುತ್ತಿದ್ದುದೇ ಅದಕ್ಕಿಂತ ಹೆಚ್ಚಿನ ಬೆಲೆಗೆ. ನಷ್ಟ ಮಾಡಿಕೊಂಡು ಮಾರುವ ವ್ಯಾಪಾರಿಯನ್ನು ಕಂಡು ಗಿರಾಕಿಗಳು ಹಿಗ್ಗಿದರು, ಪ್ರಕಾಶಕರು ಬೆದರಿದರು. ಇಂದು ತನ್ನ ಗಂಟಿನಿಂದ ನಷ್ಟ ತುಂಬುವವನು, ಅಂಗಡಿಗಳೆಲ್ಲ ಮುಚ್ಚಿ ತಾನೊಬ್ಬನೇ ಉಳಿದ ಮೇಲೆ ಆ ನಷ್ಟವನ್ನು ಯಾರಿಂದ ವಸೂಲು ಮಾಡುತ್ತಾನೆ ಎಂಬುದು ಅವರ ಭಯ. ಇ-ಪುಸ್ತಕದ ವ್ಯಾಪಾರದ ಹತ್ತರಲ್ಲಿ ಒಂಬತ್ತು ಪಾಲು ಆಗ ಆ ಒಂದೇ ಸಂಸ್ಥೆಯ ಕೈಯಲ್ಲಿತ್ತೆಂದು ಅಂದಾಜು.

2010ರ ಜನವರಿಯಲ್ಲಿ ಆಪಲ್ ಸಂಸ್ಥೆ ಐಪ್ಯಾಡನ್ನು ಪ್ರಕಟಿಸಿತು. ದೊಡ್ಡ ಪ್ರಕಾಶಕರಿಗೆ ಅದು ಒಡ್ಡಿದ ಕರಾರು ಹೀಗಿತ್ತು: ಬೆಲೆಯನ್ನು ಪ್ರಕಾಶಕರೇ ನಿಗದಿ ಮಾಡಲಿ, ಮಾರುವ ಮಳಿಗೆಗೆ ನೂರಕ್ಕೆ 30 ಸಾಕು, ಆದರೆ ಬೇರೆ ಯಾವ ಮಳಿಗೆಯಲ್ಲೂ ಇಲ್ಲಿಗಿಂತ ಕಡಿಮೆ ಬೆಲೆ ಇರಕೂಡದು. ಐದು ದೊಡ್ಡ ಪ್ರಕಾಶನ ಸಂಸ್ಥೆಗಳು ಇದಕ್ಕೊಪ್ಪಿದವು. ಅವುಗಳಲ್ಲೊಂದಾದ ಮ್ಯಾಕ್‌ಮಿಲನ್ ಇದೇ ಷರತ್ತನ್ನು ಅಮೆಜಾನಿನ ಮುಂದಿಟ್ಟಾಗ, ಅಮೆಜಾನ್ ಮ್ಯಾಕ್‌ಮಿಲನ್ನಿನ ಪುಸ್ತಕಗಳಿಗೆ ತನ್ನ ಮಳಿಗೆಯ ಬಾಗಿಲನ್ನು ಕೆಲವು ದಿನ ಮುಚ್ಚಿಬಿಟ್ಟಿತು! ಕಡೆಗೆ ಅಮೆಜಾನೇ ಮಣಿಯಬೇಕಾಯಿತು. ಹತ್ತು ಡಾಲರಿಗೆ ಸಿಗುತ್ತಿದ್ದ ಪುಸ್ತಕಗಳ ಬೆಲೆ 12.99, 14.99 ಡಾಲರುಗಳಿಗೆ ಏರಿತು.

ಆಗ ಎಚ್ಚೆತ್ತದ್ದು ಸರ್ಕಾರ. 2012ರ ಏಪ್ರಿಲಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಆಪಲ್ ಮತ್ತು ಐವರು ಪ್ರಕಾಶಕರ ಮೇಲೆ ದಾವೆ ಹೂಡಿತು. ಪ್ರತಿಸ್ಪರ್ಧಿಗಳೆಲ್ಲ ಒಳಗೊಳಗೇ ಕೂಡಿಕೊಂಡು ಬೆಲೆ ಏರಿಸಿದರೆಂಬುದು ಆರೋಪ. ಪ್ರಕಾಶಕರು ರಾಜಿಯಾದರು. ಆಪಲ್ ಕಡೆಯತನಕ ಹೋರಾಡಿತು. 2013ರ ಜುಲೈನಲ್ಲಿ ನ್ಯಾಯಾಧೀಶೆ ಡೆನೀಸ್ ಕೋಟ್ ಅವರು ಆಪಲ್ ತಪ್ಪಿತಸ್ಥನೆಂದು ತೀರ್ಪಿತ್ತರು. 2016ರ ಮಾರ್ಚಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ ಮೇಲೆ ಆಪಲ್ 450 ದಶಲಕ್ಷ ಡಾಲರುಗಳನ್ನು ತೆರಬೇಕಾಯಿತು. ಅದರಲ್ಲಿ 400 ದಶಲಕ್ಷ ಗಿರಾಕಿಗಳಿಗೇ ಹಿಂದಿರುಗಿತು.

ಕಾಳಗದಲ್ಲಿ ಗೆದ್ದವರು ಯಾರು? ಕಾನೂನು ಗೆದ್ದಿತು, ಗಿರಾಕಿಗೆ ಒಂದಿಷ್ಟು ಹಣ ಬಂದಿತು. ಆದರೆ ಈ ಇಡೀ ವ್ಯಾಜ್ಯದಲ್ಲಿ ಸಣ್ಣ ಪ್ರಕಾಶಕನಿಗೆ ಕೂರಲು ಪೀಠವೇ ಇರಲಿಲ್ಲ. ಕರಾರು ಮಾಡಿಕೊಂಡವರೂ ದೊಡ್ಡವರು, ಮುರಿದವರೂ ದೊಡ್ಡವರು. ಸಣ್ಣವನು ಅಂಗಡಿಯವರು ಹೇಳಿದ ಷರತ್ತಿಗೆ ರುಜು ಹಾಕಬೇಕಾದವನು, ಅಷ್ಟೆ. ದೊಡ್ಡವರಾದರೋ ಇನ್ನಷ್ಟು ದೊಡ್ಡವರಾಗಲು ಹೊರಟರು. ಪೆಂಗ್ವಿನ್ ಮತ್ತು ರ‍್ಯಾಂಡಮ್ ಹೌಸ್ 2013ರಲ್ಲಿ ಒಂದಾದವು. ಆ ಜೋಡಿ ಸೈಮನ್ ಅಂಡ್ ಶುಸ್ಟರ್ ಸಂಸ್ಥೆಯನ್ನೂ ನುಂಗಲು ಹೊರಟಾಗ 2022ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅಡ್ಡಬಂದಿತು. ಕೊಳ್ಳುವ ಸಂಸ್ಥೆಗಳು ಕಡಿಮೆಯಾದರೆ ಲೇಖಕರಿಗೆ ಸಿಗುವ ಮುಂಗಡ ಹಣ ಕುಗ್ಗುತ್ತದೆಂಬುದು ಆ ತೀರ್ಪಿನ ತಿರುಳು.

ಫ್ರಾನ್ಸ್ ದೇಶ ಬೇರೊಂದು ದಾರಿ ಹಿಡಿಯಿತು. ಅಲ್ಲಿಯ ಸಂಸ್ಕೃತಿ ಸಚಿವ ಜಾಕ್ ಲಾಂಗ್ ಅವರ ಹೆಸರಿನ 1981ರ ಕಾನೂನಿನಂತೆ ಪುಸ್ತಕದ ಬೆಲೆಯನ್ನು ಪ್ರಕಾಶಕನೇ ಗೊತ್ತುಮಾಡುತ್ತಾನೆ. ಯಾವ ಅಂಗಡಿಯೂ ನೂರಕ್ಕೆ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡಕೂಡದು. 2011ರಲ್ಲಿ ಇ-ಪುಸ್ತಕದ ಬೆಲೆಯನ್ನು ಗೊತ್ತುಮಾಡುವ ಹಕ್ಕನ್ನೂ ಪ್ರಕಾಶಕನಿಗೇ ಕೊಡುವ ಕಾನೂನು ಬಂದಿತು. ರಾಜಧಾನಿಯ ದೊಡ್ಡ ಮಳಿಗೆಯಲ್ಲೂ ಹಳ್ಳಿಯ ಸಣ್ಣ ಅಂಗಡಿಯಲ್ಲೂ ಒಂದೇ ಬೆಲೆ. ಪೈಪೋಟಿ ನಡೆಯಬೇಕಾದುದು ಪುಸ್ತಕದ ಗುಣದಲ್ಲಿ, ರಿಯಾಯಿತಿಯಲ್ಲಲ್ಲ ಎಂಬುದು ಅಲ್ಲಿಯ ವಾದ. ಭಾರತದಲ್ಲಿ ಅಂಥ ಕಾನೂನಿಲ್ಲ. ಪ್ರಬಲ ಸ್ಥಾನದಲ್ಲಿರುವವನು ಪ್ರತಿಸ್ಪರ್ಧಿಯನ್ನು ಮುಗಿಸಲೆಂದೇ ಅಸಲಿಗಿಂತ ಕಡಿಮೆ ಬೆಲೆಗೆ ಮಾರುವುದನ್ನು 2002ರ ಸ್ಪರ್ಧಾ ಕಾಯಿದೆ ದುರುಪಯೋಗವೆಂದು ಕರೆದಿದೆ. ಆದರೆ ಆ ಕಟ್ಟಳೆಯ ಬಾಗಿಲನ್ನು ತಟ್ಟಲು ವಕೀಲರೂ ಹಣವೂ ಬೇಕು.

ಕನ್ನಡಕ್ಕೆ ತೆರೆಯದ ಬಾಗಿಲು

ಕನ್ನಡದ ಕಥೆ ಇವೆಲ್ಲಕ್ಕಿಂತ ಬೇರೆ. ಇಲ್ಲಿ ಮೊದಲ ತೊಡಕು ಬೆಲೆಯದಲ್ಲ, ಬಾಗಿಲಿನದು. 2016ರ ಡಿಸೆಂಬರಿನಲ್ಲಿ ಕಿಂಡಲ್ ಮಳಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆಯಿತು. ಆ ಐದರ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಂಗಡಿಯೇ ಪುಸ್ತಕವನ್ನು ಇಟ್ಟುಕೊಳ್ಳದಿದ್ದರೆ ಬೆಲೆಯ ಚರ್ಚೆ ಯಾರೊಡನೆ ನಡೆಸಬೇಕು?

ಎರಡನೆಯ ತೊಡಕು ಅಕ್ಷರದ್ದು. ಕನ್ನಡ ಪುಸ್ತಕಗಳು ಹಲವು ವರ್ಷಗಳಿಂದ ಕಂಪ್ಯೂಟರಿನಲ್ಲಿಯೇ ಸಿದ್ಧವಾಗುತ್ತಿವೆ. ಆದರೆ ಮುದ್ರಣಾಲಯಗಳು ಬಳಸಿದ ಹಳೆಯ ಅಕ್ಷರವಿನ್ಯಾಸಗಳು ಒಂದೊಂದೂ ಒಂದೊಂದು ಸಂಕೇತಕ್ರಮದವು. ಕಾಗದದ ಮೇಲೆ ಅಂದವಾಗಿ ಮೂಡಿದರೂ ಮೊಬೈಲಿನ ತೆರೆಯ ಮೇಲೆ ಅರ್ಥವಿಲ್ಲದ ಗೀಟುಗಳಾಗಿ ಬಿಡುತ್ತವೆ. ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಕ್ರಮಕ್ಕೆ ಅವನ್ನು ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಸ್ಥಾನ ಬಿಡುತ್ತದೆ. ಮತ್ತೆ ಮೊದಲಿನಿಂದ ಕರಡು ತಿದ್ದಬೇಕು. 'ಇ-ಪುಸ್ತಕಕ್ಕೆ ಖರ್ಚಿಲ್ಲ' ಎನ್ನುವವರ ಕಣ್ಣಿಗೆ ಬೀಳದ ಖರ್ಚು ಇದು. ಹಳೆಯ ಪುಸ್ತಕಗಳ ದೊಡ್ಡ ಭಂಡಾರವಿರುವ ಸಂಸ್ಥೆಗೆ ಇದಕ್ಕಾಗಿಯೇ ಆಳುಗಳನ್ನು ಇಡುವ ಶಕ್ತಿಯುಂಟು. ಮನೆಯ ಪಡಸಾಲೆಯಲ್ಲೇ ಪ್ರಕಾಶನ ನಡೆಸುವವನು ರಾತ್ರಿ ಕುಳಿತು ತಾನೇ ತಿದ್ದಬೇಕು.

ಆದರೂ ಮುಚ್ಚಿದ ಬಾಗಿಲಿನಿಂದ ಒಂದು ಒಳ್ಳೆಯದೂ ಆಯಿತು. ಕನ್ನಡಿಗರೇ ಕನ್ನಡಕ್ಕಾಗಿ ಮಳಿಗೆಗಳನ್ನು ಕಟ್ಟಿಕೊಂಡರು. ಮೈಲ್ಯಾಂಗ್, ವಿವಿಡ್‌ಲಿಪಿಗಳಂಥ ಕಡೆ ಇ-ಪುಸ್ತಕವೂ, ಕಿವಿಯಿಂದ ಕೇಳುವ ಧ್ವನಿಪುಸ್ತಕವೂ ದೊರಕತೊಡಗಿದವು. ಗೂಗಲ್ಲಿನ ಪುಸ್ತಕ ಮಳಿಗೆಯಲ್ಲೂ ಕನ್ನಡಕ್ಕೆ ಎಡೆ ಸಿಕ್ಕಿತು. ಕಟ್ಟಡ, ಬೀರು, ಗೋದಾಮುಗಳಿಲ್ಲದ ಇಂಥ ಮಳಿಗೆಯಲ್ಲಿ ಬೆಂಗಳೂರಿನ ದೊಡ್ಡ ಸಂಸ್ಥೆಯ ಪುಸ್ತಕಕ್ಕೂ ಜಿಲ್ಲೆಯ ಮೂಲೆಯ ಪ್ರಕಾಶಕನ ಪುಸ್ತಕಕ್ಕೂ ತೆರೆಯ ಮೇಲೆ ಸಿಗುವ ಜಾಗ ಒಂದೇ ಅಳತೆಯದು. ಬೀದಿಯ ಅಂಗಡಿಯಲ್ಲಿ ಹೀಗಿರುವುದಿಲ್ಲ. ಅಲ್ಲಿ ಗಿರಾಕಿಯ ಕಣ್ಣಿನ ಮಟ್ಟದ ಬೀರು ದೊಡ್ಡವರಿಗೆ, ಧೂಳು ಹಿಡಿಯುವ ಕೆಳಗಿನ ಸಾಲು ಸಣ್ಣವರಿಗೆ ಎಂಬುದು ಲೋಕರೂಢಿ.

ಕಾನೂನೂ ಒಂದು ಬಗೆಯಲ್ಲಿ ಸಣ್ಣವರ ನೆರವಿಗೆ ಬಂದಿದೆ. ಹಿಂದಿನ ತಲೆಮಾರಿನ ಲೇಖಕರು ಪ್ರಕಾಶಕರಿಗೆ ಬರೆದುಕೊಟ್ಟ ಪತ್ರಗಳಲ್ಲಿ ಇ-ಪುಸ್ತಕದ ಸೊಲ್ಲೇ ಇಲ್ಲ, ಇರುವುದಾದರೂ ಹೇಗೆ? 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಒಪ್ಪಂದದ ಕಾಲಕ್ಕೆ ಇಲ್ಲದಿದ್ದ ಮಾಧ್ಯಮವನ್ನು ಹೆಸರಿಸಿ ಬರೆದುಕೊಟ್ಟಿಲ್ಲವಾದರೆ ಆ ಮಾಧ್ಯಮದ ಹಕ್ಕು ಪ್ರಕಾಶಕನಿಗೆ ಸೇರದು. ಹಕ್ಕು ಎಷ್ಟು ವರ್ಷಕ್ಕೆ ಎಂದು ಪತ್ರದಲ್ಲಿ ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂಬ ನಿಯಮವೂ ಅದೇ ಕಾಯಿದೆಯಲ್ಲಿದೆ. ಲೇಖಕರೂ ಅವರ ವಾರಸುದಾರರೂ ಇದನ್ನು ಅರಿತಿರುವುದು ಮೇಲು. ಕಣ್ಣುಮುಚ್ಚಿ ಹಾಕಿದ ಒಂದು ರುಜುವಿನಿಂದ ತಾಯಿಮರವೇ ಕೈಬಿಟ್ಟುಹೋದೀತು.

ಬುಟ್ಟಿಯಲ್ಲಿ ಹೊತ್ತ ಸಾಹಿತ್ಯ

ಅಂಗಡಿಯ ಹಂಗಿಲ್ಲದೆ ಓದುಗನನ್ನು ಮುಟ್ಟುವ ಹಂಬಲ ಕನ್ನಡಕ್ಕೆ ಹೊಸದೇನಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆಯಿತು. ಓದುಗನು ಮುಂಗಡವಾಗಿ ಚಂದಾ ಕೊಟ್ಟರೆ ಪುಸ್ತಕಗಳು ಮನೆಗೇ ಬರುತ್ತಿದ್ದವು. ಸಾಗರದ ಬಳಿಯ ಹೆಗ್ಗೋಡೆಂಬ ಹಳ್ಳಿಯಲ್ಲೇ ಕುಳಿತು ಕೆ. ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನವನ್ನು ಕಟ್ಟಿದರು. ಬೆಂಗಳೂರಿನಲ್ಲಿ 1960ರಲ್ಲಿ ನವಕರ್ನಾಟಕ, 1967ರಲ್ಲಿ ಸಪ್ನ ಬುಕ್ ಹೌಸ್ ಹುಟ್ಟಿ, ಪ್ರಕಾಶನದೊಂದಿಗೆ ಸ್ವಂತ ಮಳಿಗೆಗಳನ್ನೂ ಬೆಳೆಸಿಕೊಂಡವು. ದೊಡ್ಡದೂ ಸಣ್ಣದೂ ಒಟ್ಟಿಗೆ ಬಾಳಿದ್ದರಿಂದಲೇ ಕನ್ನಡದ ಪುಸ್ತಕಲೋಕ ವಿಸ್ತಾರವಾಯಿತು. ಪಠ್ಯಪುಸ್ತಕವನ್ನೂ ನಿಘಂಟನ್ನೂ ಲಕ್ಷಗಟ್ಟಲೆ ಮುದ್ರಿಸಲು ದೊಡ್ಡವರು ಬೇಕು. ಹೆಸರಿಲ್ಲದ ಹೊಸ ಕವಿಯ ಮೊದಲ ಸಂಕಲನವನ್ನು ಅಚ್ಚು ಹಾಕುವ ಎದೆಗಾರಿಕೆಗೆ ಸಣ್ಣವರೇ ಬೇಕು.

ಅಂಚೆಯ ಪಾತ್ರವನ್ನೂ ಇಲ್ಲಿ ನೆನೆಯಬೇಕು. ಸಣ್ಣ ಪ್ರಕಾಶಕರಿಗೆ ಬಹುಕಾಲ ಆಸರೆಯಾಗಿದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಪಾರ್ಸಲ್ ದರದಲ್ಲಿ ಪುಸ್ತಕ ಕಳುಹಿಸಿದರೆ ಒಮ್ಮೊಮ್ಮೆ ಪುಸ್ತಕಕ್ಕಿಂತ ಸಾಗಣೆಯೇ ದುಬಾರಿಯಾಗುವ ಪರಿಸ್ಥಿತಿ. ಪ್ರಕಾಶಕರ ಗೋಳು ಕೇಳಿಸಿಯೋ ಏನೋ, 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ಸೇವೆ ಬಂದಿತು. ತೆರಿಗೆಯನ್ನು ಬಿಟ್ಟು 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗ್ರಾಂಗೆ 100 ರೂಪಾಯಿ ಎಂದು ದರ ಗೊತ್ತಾಯಿತು. ಇ-ಪುಸ್ತಕಕ್ಕಾದರೋ ಅಂಚೆಯ ಚಿಂತೆಯೇ ಇಲ್ಲ. ಹಿರೇಹಳ್ಳಿಯ ಶಾಲೆಯ ಉಪಾಧ್ಯಾಯಿನಿಯೊಬ್ಬರು ರಾತ್ರಿ ಊಟವಾದ ಮೇಲೆ ಹೊಸ ಕಾದಂಬರಿಯೊಂದರ ವಿಮರ್ಶೆ ಓದಿ ಅದನ್ನು ಆ ಕ್ಷಣವೇ ತರಿಸಿಕೊಳ್ಳಬೇಕೆಂದರೆ, ತುಮಕೂರಿನ ಬಸ್ಸಿಗೆ ಕಾಯಬೇಕಿಲ್ಲ; ಅಂಚೆಯವನ ದಾರಿ ನೋಡಬೇಕಿಲ್ಲ. ಇದು ಸಣ್ಣ ಸೌಕರ್ಯವಲ್ಲ. ಪುಸ್ತಕದಂಗಡಿಯಿಲ್ಲದ ಸಾವಿರಾರು ಊರುಗಳಿಗೆ ಇ-ಪುಸ್ತಕವೇ ಮೊದಲ ಅಂಗಡಿ.

ಕೊಂಡದ್ದೋ, ಬಾಡಿಗೆಗೆ ಪಡೆದದ್ದೋ?

ಆದರೆ ಆ ಉಪಾಧ್ಯಾಯಿನಿ ಕೊಂಡದ್ದಾದರೂ ಏನನ್ನು? ಅಚ್ಚಿನ ಪುಸ್ತಕವಾದರೆ ಗೆಳತಿಗೆ ಓದಲು ಕೊಡಬಹುದು, ಮಗಳಿಗೆ ಬಿಟ್ಟುಹೋಗಬಹುದು, ಹಳೆಯ ಪುಸ್ತಕದಂಗಡಿಗೆ ಮಾರಬಹುದು. ಇ-ಪುಸ್ತಕವನ್ನು ಕೊಂಡವರಿಗೆ ಸಾಮಾನ್ಯವಾಗಿ ದೊರೆಯುವುದು ಓದುವ ಪರವಾನಗಿ ಮಾತ್ರ. 2009ರ ಜುಲೈನಲ್ಲಿ, ಹಕ್ಕಿನ ತಕರಾರಿನ ಕಾರಣದಿಂದ, ಜಾರ್ಜ್ ಆರ್ವೆಲ್ಲರ ಕಾದಂಬರಿಗಳ ಪ್ರತಿಗಳು ಗಿರಾಕಿಗಳ ಕಿಂಡಲ್ ಯಂತ್ರಗಳಿಂದ ರಾತ್ರೋರಾತ್ರಿ ಮಾಯವಾದವು. ಹಣವೇನೋ ಹಿಂದಿರುಗಿತು, ಪುಸ್ತಕ ಹೋಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಮಳಿಗೆಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಮಳಿಗೆಯೊಂದಿಗೇ ಮುಚ್ಚಿಹೋದವು. ಭಾರತದಲ್ಲೇ, ಅಮೆಜಾನಿನ ಕೈಸೇರಿದ್ದ ವೆಸ್ಟ್‌ಲ್ಯಾಂಡ್ ಪ್ರಕಾಶನವನ್ನು ಮುಚ್ಚುವ ನಿರ್ಧಾರ 2022ರ ಫೆಬ್ರವರಿಯಲ್ಲಿ ಪ್ರಕಟವಾದಾಗ, ನೂರಾರು ಲೇಖಕರು ತಮ್ಮ ಪುಸ್ತಕಗಳ ಗತಿಯೇನೆಂದು ದಿಗಿಲುಗೊಂಡರು. ಆ ಪ್ರಕಾಶನದ ಬಳಗಕ್ಕೆ ಬಳಿಕ ಪ್ರತಿಲಿಪಿ ಸಂಸ್ಥೆ ಆಶ್ರಯ ಕೊಟ್ಟಿತೆಂಬುದು ಸಮಾಧಾನದ ಸಂಗತಿ. ಒಂದೇ ಬುಟ್ಟಿಯಲ್ಲಿ ಎಲ್ಲ ಮೊಟ್ಟೆಯಿಡಬಾರದೆಂದು ರೈತನಿಗೆ ಯಾರೂ ಕಲಿಸಬೇಕಿಲ್ಲ; ಒಂದೇ ಮಳಿಗೆಯನ್ನು ನೆಚ್ಚಿ ಕೂರುವ ಪ್ರಕಾಶಕನಿಗೂ ಆ ಬುದ್ಧಿ ಬೇಕು.

ಇದರ ಇನ್ನೊಂದು ಮುಖ ಕಳ್ಳಪ್ರತಿ. ಯಾರೋ ಒಬ್ಬರು ಪುಸ್ತಕದ ಪುಟಗಳನ್ನೆಲ್ಲ ಚಿತ್ರ ತೆಗೆದು ಪಿಡಿಎಫ್ ಮಾಡಿ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಾರೆ. 'ಸಾಹಿತ್ಯಸೇವೆ' ಎಂಬುದು ಅದಕ್ಕೆ ಕೊಡುವ ಹೆಸರು! ದೊಡ್ಡ ಸಂಸ್ಥೆಗೆ ಅದು ಸೊಳ್ಳೆಯ ಕಡಿತವಾದರೆ, ಸಣ್ಣ ಪ್ರಕಾಶಕನಿಗೆ ಎರಡನೆಯ ಮುದ್ರಣವನ್ನೇ ಕೈಬಿಡಿಸುವ ಪೆಟ್ಟು. ಆದರೆ ಇಲ್ಲೂ ಬೆಲೆ ಒಂದು ಮಾತು ಹೇಳುತ್ತದೆ. ಪುಸ್ತಕ ಸುಲಭವಾಗಿ, ನ್ಯಾಯವಾದ ಬೆಲೆಗೆ ಸಿಗುವಂತಿದ್ದರೆ ಕಳ್ಳಪ್ರತಿಯ ಕಡೆಗೆ ಕೈ ಚಾಚುವವರು ಕಡಿಮೆಯಾಗುತ್ತಾರೆ. ಎಲ್ಲೂ ಸಿಗದ ಪುಸ್ತಕಕ್ಕೇ ಕಳ್ಳನ ಕಾಟ ಹೆಚ್ಚು.

ಪುಟವಿಲ್ಲದ ಪುಸ್ತಕಕ್ಕೆ ಪುಟದ ದರ

ಕನ್ನಡ ಪ್ರಕಾಶನಕ್ಕೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯೇ ಬಹುಕಾಲದಿಂದ ಅತಿ ದೊಡ್ಡ ಗಿರಾಕಿ. 1965ರ ಗ್ರಂಥಾಲಯ ಕಾಯಿದೆಯಂತೆ ಜನರಿಂದಲೇ ಸಂಗ್ರಹವಾಗುವ ಉಪಕರದ ಹಣದಲ್ಲಿ ಇಲಾಖೆ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. ಈ ಖರೀದಿಯಲ್ಲಿ ಬೆಲೆ ಗೊತ್ತಾಗುವುದು ಪುಟಕ್ಕೆ ಇಷ್ಟೆಂಬ ದರದಿಂದ. ಇ-ಪುಸ್ತಕಕ್ಕೆ ಪುಟವೆಲ್ಲಿದೆ? ಅಕ್ಷರವನ್ನು ದಪ್ಪ ಮಾಡಿದರೆ ಪುಟ ಇಮ್ಮಡಿಸುತ್ತದೆ, ಸಣ್ಣದು ಮಾಡಿದರೆ ಅರ್ಧಕ್ಕೆ ಇಳಿಯುತ್ತದೆ. ಕಾಗದವನ್ನು ತೂಗಿ ಬೆಲೆ ಕಟ್ಟುವ ಪದ್ಧತಿಗೆ ಇ-ಪುಸ್ತಕ ಸಿಕ್ಕುವುದಿಲ್ಲ.

2020ರಲ್ಲಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. ಹಳ್ಳಿಗಳ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳೆಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿಗಳ ಆಶ್ರಯದಲ್ಲಿ ನಡೆಯುತ್ತಿವೆ. ಅಲ್ಲಿಗೆ ಬರುವ ಹುಡುಗನಿಗೆ ತೆರೆಯ ಮೇಲೆ ಹೊಸ ಕನ್ನಡ ಪುಸ್ತಕವೂ ಕಾಣಬೇಕಾದರೆ, ಇ-ಪುಸ್ತಕಕ್ಕೆ ತಕ್ಕ ಖರೀದಿಯ ಕ್ರಮ ಬೇಕು. ಎಷ್ಟು ಬಾರಿ ಎರವಲು ಹೋಯಿತೆಂಬುದನ್ನು ಲೆಕ್ಕವಿಟ್ಟು ಅದಕ್ಕೆ ತಕ್ಕಂತೆ ಹಣ ಕೊಡುವುದು ಒಂದು ದಾರಿ. ಆಗ ಓದುಗನಿಗೆ ಪುಸ್ತಕ ಉಚಿತ. ಪ್ರಕಾಶಕನಿಗೂ ಲೇಖಕನಿಗೂ ಕೂಲಿ ಖಚಿತ. ಮುಖ್ಯವಾಗಿ, ಯಾರ ಪುಸ್ತಕವನ್ನು ಕೊಳ್ಳಬೇಕೆಂಬುದನ್ನು ಓದುಗನ ಆಸಕ್ತಿಯೇ ನಿರ್ಧರಿಸುತ್ತದೆ. ಅಲ್ಲಿ ದೊಡ್ಡವನ ವಶೀಲಿ ನಡೆಯದು.

ಕಸಿಯ ನ್ಯಾಯ

ಅಗ್ಗವಾಗಿರುವುದೆಲ್ಲ ಓದುಗನಿಗೆ ಹಿತವಲ್ಲ. ದುಬಾರಿಯಾಗಿರುವುದೆಲ್ಲ ಲೇಖಕನಿಗೆ ಲಾಭವೂ ಅಲ್ಲ. ಅಮೆರಿಕದ ವ್ಯಾಜ್ಯ ಕಲಿಸುವ ಪಾಠವೂ ಅದೇ. ಒಬ್ಬನೇ ಮಾರುವವನಾದರೆ ಬೆಲೆ ಅವನ ಮರ್ಜಿಗೆ ಬೀಳುತ್ತದೆ. ಐವರು ದೊಡ್ಡವರು ಗುಟ್ಟಾಗಿ ಕೂಡಿದರೆ ಅವರ ಮರ್ಜಿಗೆ ಬೀಳುತ್ತದೆ. ಎರಡೂ ಕಡೆ ಓದುಗನನ್ನು ಕೇಳುವವರಿಲ್ಲ, ಸಣ್ಣ ಪ್ರಕಾಶಕನನ್ನೂ ಕೇಳುವವರಿಲ್ಲ. ಮಳಿಗೆಗಳು ಹಲವಿರಬೇಕು, ಕನ್ನಡಕ್ಕೆ ಅವುಗಳ ಬಾಗಿಲು ತೆರೆದಿರಬೇಕು, ಬೆಲೆಯನ್ನು ಗೊತ್ತುಮಾಡುವ ಹಕ್ಕು ಪುಸ್ತಕವನ್ನು ಹೊರತಂದವನಲ್ಲಿ ಉಳಿಯಬೇಕು, ಮೂಲದವನ ಪಾಲು ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿರಬೇಕು. ಇಷ್ಟಾದರೆ ಅರ್ಧಬೆಲೆಯ ಇ-ಪುಸ್ತಕ ಎಲ್ಲರಿಗೂ ಮೇಲಾದೀತೆಂಬುದನ್ನು ಮೇಲಿನ ಸಣ್ಣ ಲೆಕ್ಕವೇ ತೋರಿಸಿದೆ.

ಹಿರೇಹಳ್ಳಿಯ ತೋಟದಲ್ಲಿ ಮಾಲಿ ಒಂದೊಂದು ಕಸಿಗೂ ಪಟ್ಟಿ ಸುತ್ತಿ ಕಟ್ಟುತ್ತಾನೆ. ಆ ಗಿಡ ಯಾವ ಊರಿಗೆ ಹೋಗುತ್ತದೆಯೋ, ಯಾರ ಅಂಗಳದಲ್ಲಿ ಹಣ್ಣು ಬಿಡುತ್ತದೆಯೋ ಅವನಿಗೆ ತಿಳಿಯದು. ಗಿಡ ಕೊಂಡವನು ಚೇಳೂರಿನ ರೈತನನ್ನು ಕಂಡಿರಲಾರ. ಆದರೂ ಪ್ರತಿ ಗಿಡದ ಬೆಲೆಯಲ್ಲಿ ಆ ರೈತನ ಪಾಲು ಚೇಳೂರಿನ ದಾರಿ ಹಿಡಿಯುತ್ತದೆ. ಆ ಪಾಲು ನಿಂತುಹೋದರೆ ನಾಳೆ ಇನ್ನೊಬ್ಬ ರೈತ ತನ್ನ ಹಿತ್ತಲಿನ ಒಳ್ಳೆಯ ಮರವನ್ನು ಯಾರಿಗೂ ತೋರಿಸದೆ ಕಡಿದು ಸೌದೆ ಮಾಡಬಹುದು. ಪುಸ್ತಕದ ವಿಷಯವೂ ಇಷ್ಟೆ. ಮೂವತ್ತು ರೂಪಾಯಿಗೋ ನೂರು ರೂಪಾಯಿಗೋ ಕೊಂಡ ಇ-ಪುಸ್ತಕವನ್ನು ತೆರೆಯುವ ಓದುಗನಿಗೆ ಮುಂದಿನ ವರ್ಷವೂ ಒಂದು ಹೊಸ ಪುಸ್ತಕ ಬೇಕಲ್ಲವೇ? ಅದನ್ನು ಬರೆಯುವವನೂ ಹೊರತರುವವನೂ ಅಲ್ಲಿಯವರೆಗೆ ಬದುಕಿ ಉಳಿದಿರುವಂಥ ಬೆಲೆಯೇ ಸರಿಯಾದ ಬೆಲೆ.